ಪಿಕಪ್ ಗಾಡಿಯ ಕ್ಯಾಬಿನ್ ರಬ್ಬರುಗಳು: ಸವೆದಾಗ ಬದಲಾಯಿಸುವ ಕ್ರಮ



ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈಗ ಪಿಕಪ್ ವಾಹನಗಳು ಮಾಡುತ್ತಿವೆ. ಯಳಂದೂರಿನ ಗದ್ದೆಬಯಲಿನ ಭತ್ತ, ಕೊಳ್ಳೇಗಾಲದ ಸುತ್ತಿನ ರೇಷ್ಮೆಗೂಡು ಮತ್ತು ಬಾಳೆಗೊನೆ, ಹನೂರಿನ ಖುಷ್ಕಿ ಹೊಲಗಳ ಮುಸುಕಿನ ಜೋಳ ಇವುಗಳ ಮೇಲೆಯೇ ಪೇಟೆ ಸೇರುತ್ತವೆ. ಹಿಂದಿರುಗುವಾಗ ಗೊಬ್ಬರದ ಚೀಲಗಳು ಬರುತ್ತವೆ. ಇಂಥ ವಾಹನವಿಟ್ಟಿರುವ ರೈತನು ಎಂಜಿನ್ ಆಯಿಲ್, ಟಯರು, ಬ್ರೇಕುಗಳನ್ನು ಸಾಮಾನ್ಯವಾಗಿ ಗಮನಿಸುತ್ತಾನೆ. ಆದರೆ ತಾನು ಕುಳಿತಿರುವ ಕ್ಯಾಬಿನ್ನು ಯಾವುದರ ಮೇಲೆ ಕೂತಿದೆ ಎಂಬುದನ್ನು ಬಗ್ಗಿ ನೋಡುವವರು ಕಡಿಮೆ.

ಬೊಲೆರೊ ಪಿಕಪ್‌ನಂಥ ವಾಹನಕ್ಕೆ ಬೆನ್ನೆಲುಬು ಚಾಸಿ. ಎಂಜಿನ್, ಗೇರ್ ಪೆಟ್ಟಿಗೆ, ಕಮಾನು ಪಟ್ಟಿಗಳು ಇದಕ್ಕೆ ಸೇರಿವೆ. ಕ್ಯಾಬಿನ್ನು ಬೇರೆಯೇ ಒಂದು ತಗಡಿನ ಪೆಟ್ಟಿಗೆ. ಅದನ್ನು ಚಾಸಿಯ ಮೇಲೆ ನೇರವಾಗಿ ಕೂರಿಸದೆ, ಮೂಲೆಗಳಲ್ಲಿ ರಬ್ಬರ್ ಬುಷ್‌ಗಳನ್ನಿಟ್ಟು ಬೋಲ್ಟ್ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದೊಂದು ಜಾಗದಲ್ಲಿ ಚಾಸಿಯ ಕೈಯ ಮೇಲೊಂದು ದಪ್ಪ ರಬ್ಬರು, ಕೆಳಗೊಂದು ತೆಳುವಾದ ರಬ್ಬರು, ಇವೆರಡರ ನಡುವೆ ಹಾಯ್ದು ಹೋಗುವ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಮೇಲಿನದು ಭಾರ ಹೊರುತ್ತದೆ, ಕೆಳಗಿನದು ಕ್ಯಾಬಿನ್ನು ಮೇಲಕ್ಕೆ ಹಾರದಂತೆ ತಡೆಯುತ್ತದೆ. ಬೋಲ್ಟನ್ನು ಎಷ್ಟೇ ಬಿಗಿದರೂ ರಬ್ಬರು ನುಜ್ಜಾಗದಂತೆ ಕಾಯುವುದು ಆ ಕೊಳವೆ.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿಧಾನ ಕಂಡುಹಿಡಿದ ಮೇಲೆಯೇ ರಬ್ಬರು ಇಂಥ ಕೆಲಸಕ್ಕೆ ಒದಗಿತು. ಆದರೂ ಬಿಸಿಲು, ಗಾಳಿ, ಎಂಜಿನ್ನಿನ ಕಾವಿಗೆ ಅದು ವರ್ಷಗಳು ಕಳೆದಂತೆ ಒಣಗಿ ಸೀಳುತ್ತದೆ. ಇದಕ್ಕಿಂತ ಬೇಗ ಅದನ್ನು ಕೆಡಿಸುವುದು ಎಣ್ಣೆ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿ ಬೆಳೆದ ಕೈಗೆ ಶಬ್ದ ಬಂದಲ್ಲೆಲ್ಲ ಎಣ್ಣೆ ಬಿಡುವುದು ರೂಢಿ. ವಾಟರ್ ಸರ್ವಿಸ್ ಮಾಡಿಸಿದಾಗ ತುಕ್ಕು ಹಿಡಿಯದಿರಲೆಂದು ಅಡಿಭಾಗಕ್ಕೆಲ್ಲ ಡೀಸೆಲ್ಲನ್ನೋ ಹಳೇ ಆಯಿಲನ್ನೋ ಸಿಡಿಸುವುದೂ ಉಂಟು. ಕಬ್ಬಿಣಕ್ಕೆ ಅದು ಒಳ್ಳೆಯದಿರಬಹುದು, ರಬ್ಬರಿಗೆ ವಿಷ. ಡೀಸೆಲ್ ಕುಡಿದ ರಬ್ಬರು ಊದಿ, ಮೆತ್ತಗಾಗಿ, ಅಂಟಂಟಾಗಿ ಹಿಂಡಿಹೋಗುತ್ತದೆ. ಇದರ ಜೊತೆಗೆ ಯೂರಿಯಾ, ಹಸಿ ಗೊಬ್ಬರ, ಹುಳು ಸಾಕುವ ಮನೆಗೆ ಒಯ್ಯುವ ಬ್ಲೀಚಿಂಗ್ ಪುಡಿ ಚೆಲ್ಲಿ, ಹಿಂದಿನ ಬುಷ್‌ಗಳ ಬೋಲ್ಟುಗಳನ್ನು ತುಕ್ಕು ತಿನ್ನುತ್ತದೆ.

ಸವೆದುದಕ್ಕೆ ಗುರುತುಗಳಿವೆ. ಹಂಪ್ ದಾಟುವಾಗ ಕಾಲಡಿಯಲ್ಲಿ ‘ಟಪ್’ ಎಂಬ ಗಟ್ಟಿ ಶಬ್ದ ಬರುತ್ತದೆ. ಬಾಗಿಲು ಎತ್ತಿ ಹಾಕಿದರಷ್ಟೇ ಕೂರುತ್ತದೆ. ಬ್ರೇಕ್ ಹಿಡಿದಾಗ ಕ್ಯಾಬಿನ್ನು ಒಮ್ಮೆ ಮುಂದಕ್ಕೆ ಜರುಗಿದಂತಾಗುತ್ತದೆ. ಕಮಾನು ಪಟ್ಟಿಯ ಬುಷ್ ಸವೆದರೂ ಶಬ್ದ ಬರುವುದರಿಂದ ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು. ಗಾಡಿ ನಿಲ್ಲಿಸಿ, ಕ್ಯಾಬಿನ್ನಿನ ಕೈ ಮತ್ತು ಚಾಸಿಯ ನಡುವೆ ಸನ್ನೆಕೋಲು ಕೊಟ್ಟು ಮೆಲ್ಲಗೆ ಮೀಟಬೇಕು. ರಬ್ಬರು ಸೀಳಿದ್ದರೆ, ಹಪ್ಪಳದಂತೆ ಚಪ್ಪಟೆಯಾಗಿದ್ದರೆ ಅಥವಾ ಬೋಲ್ಟು ಆಡುತ್ತಿದ್ದರೆ ಬದಲಾಯಿಸುವುದೇ ಸರಿ.

ಇದು ಬರೀ ಶಬ್ದದ ಮಾತಲ್ಲ. ಸ್ಟೀರಿಂಗ್ ದಂಡದ ಮೇಲ್ತುದಿ ಕ್ಯಾಬಿನ್ನಿಗೆ, ಕೆಳತುದಿ ಚಾಸಿಯ ಮೇಲಿನ ಸ್ಟೀರಿಂಗ್ ಪೆಟ್ಟಿಗೆಗೆ ಸೇರಿದೆ. ಬ್ರೇಕ್ ಪೆಡಲು ಕ್ಯಾಬಿನ್ನಿನಲ್ಲಿದೆ, ಅದರ ಕೊಳವೆಗಳು ಚಾಸಿಯ ಗುಂಟ ಓಡುತ್ತವೆ. ಕ್ಯಾಬಿನ್ನು ಜರುಗಿದಷ್ಟೂ ಈ ಕೀಲುಗಳಿಗೆ ಎಳೆತ. ಕೌದಳ್ಳಿಯ ಆಚೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಾಗಲಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವಾಗಲಾಗಲಿ, ತುಂಬಿದ ಗಾಡಿಯ ಸ್ಟೀರಿಂಗಿನಲ್ಲಿ ಬೆರಳಗಲ ಹುಸಿ ಆಟ ಬಂದರೂ ಸಣ್ಣ ಸಂಗತಿಯಲ್ಲ. ಇನ್ನು ರಬ್ಬರಿಲ್ಲದೆ ತಗಡು ಚಾಸಿಗೆ ಬಡಿಯತೊಡಗಿದರೆ ಬೋಲ್ಟಿನ ಸುತ್ತ ತಳದ ತಗಡು ಸೀಳುತ್ತದೆ. ಆಗ ಬರುವ ವೆಲ್ಡಿಂಗ್, ತಗಡು ಕೆಲಸ, ಬಣ್ಣದ ಖರ್ಚಿನ ಮುಂದೆ ಒಂದು ಸೆಟ್ ರಬ್ಬರಿನ ಬೆಲೆ ಅಲ್ಪ.

ಬದಲಾಯಿಸುವಾಗ ಪೂರ್ತಿ ಸೆಟ್ಟನ್ನೇ ಹಾಕಬೇಕು. ಒಂದು ಮೂಲೆಗೆ ಮಾತ್ರ ಹೊಸದು ಹಾಕಿದರೆ ಕ್ಯಾಬಿನ್ನು ಸೊಟ್ಟಗೆ ಕೂರುತ್ತದೆ. ಹಳೇ ಟಯರು ಕತ್ತರಿಸಿ ಇಡುವುದು ಅಗ್ಗವೆನಿಸಬಹುದು. ಆದರೆ ಅದರ ದಪ್ಪ, ಮೆದುವು ಒಂದರಂತೆ ಒಂದಿರುವುದಿಲ್ಲ, ನಡುವಿನ ಕೊಳವೆಗೂ ಹೊಂದುವುದಿಲ್ಲ. ಮುಂದಿನ ಮತ್ತು ಹಿಂದಿನ ರಬ್ಬರುಗಳು ಬೇರೆ ಬೇರೆ ಇರಬಹುದಾದ್ದರಿಂದ ಕೊಳ್ಳುವಾಗಲೇ ಗುರುತು ಮಾಡಿಕೊಳ್ಳಬೇಕು.

ಕೆಲಸದ ಹಿಂದಿನ ದಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಹೇಗೂ ಹಳೆಯ ರಬ್ಬರು ಹೋಗುವುದರಿಂದ ಇಲ್ಲಿ ಚಿಂತೆಯಿಲ್ಲ. ಮರುದಿನ ಖಾಲಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಮೈನಸ್ ತಂತಿ ತೆಗೆಯಬೇಕು. ಎರಡೂ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಒಂದು ಪಕ್ಕದವನ್ನು ಮಾತ್ರ ಪೂರ್ತಿ ಬಿಚ್ಚಬೇಕು. ಇನ್ನೊಂದು ಪಕ್ಕದವು ಕ್ಯಾಬಿನ್ನು ಜಾರದಂತೆ ಹಿಡಿದಿರುತ್ತವೆ. ಜಾಕಿಯ ತಲೆಗೆ ದಪ್ಪ ಮರದ ತುಂಡು ಕೊಟ್ಟು, ತೆಳು ತಗಡಿಗಲ್ಲದೆ ಕ್ಯಾಬಿನ್ನಿನ ಅಡಿಯ ಗಟ್ಟಿ ಪಟ್ಟಿಗೆ ತಾಗಿಸಿ ನಿಧಾನವಾಗಿ ಎತ್ತಬೇಕು. ಹಳೆಯದು ಹೊರಬಂದು ಹೊಸದು ಹೋಗುವಷ್ಟು ಸಂದು ಸಾಕು, ಅದಕ್ಕಿಂತ ಒಂದು ನೂಲೂ ಹೆಚ್ಚು ಬೇಡ. ಎತ್ತುತ್ತಿರುವಾಗ ಇನ್ನೊಬ್ಬರು ಸ್ಟೀರಿಂಗ್ ಕೀಲು, ಬ್ರೇಕ್ ಕೊಳವೆ, ಹ್ಯಾಂಡ್‌ಬ್ರೇಕ್ ತಂತಿ, ಗೇರ್ ಹಿಡಿ, ರೇಡಿಯೇಟರಿನ ಪೈಪು ಮತ್ತು ಫ್ಯಾನಿನ ಸುತ್ತಲಿನ ಮುಚ್ಚಳವನ್ನು ನೋಡುತ್ತಿರಬೇಕು. ಯಾವುದಾದರೂ ಬಿಗಿದುಕೊಂಡರೆ ಎತ್ತುವುದನ್ನು ಅಲ್ಲೇ ನಿಲ್ಲಿಸಿ ಅದನ್ನು ಸಡಿಲಿಸಬೇಕು. ಎತ್ತಿದ ಕೂಡಲೇ ಸಂದಿಗೆ ಗಟ್ಟಿ ಮರದ ತುಂಡು ಇಡಬೇಕು. ಬರೀ ಜಾಕಿಯನ್ನು ನಂಬಿ ಬೆರಳು ಹಾಕಿ ರಬ್ಬರು ತೆಗೆಯುವುದು ಕೈ ಕಳೆದುಕೊಳ್ಳುವ ದಾರಿ.

ಬೋಲ್ಟು ತಿರುಗುತ್ತದೆ ಆದರೆ ಬಿಚ್ಚುವುದಿಲ್ಲ ಎಂದಾದರೆ, ತಳದ ಒಳಗಿನ ನಟ್ಟು ಕಿತ್ತಿದೆ ಎಂದು ತಿಳಿಯಬೇಕು. ಸುತ್ತಿಗೆಯಿಂದ ಬಡಿಯದೆ ಮೆಕ್ಯಾನಿಕ್ಕಿಗೆ ತೋರಿಸುವುದು ಲೇಸು. ತುಕ್ಕು ತಿಂದ ಬೋಲ್ಟನ್ನು ಮತ್ತೆ ಹಾಕಬಾರದು. ಹಳೆಯದರ ತಲೆಯ ಮೇಲೆ 8.8 ಎಂಬಂಥ ಅಂಕಿಯಿದ್ದರೆ ಹೊಸದೂ ಅದೇ ಅಂಕಿಯದಿರಬೇಕು. ಚಾಸಿಯ ಕೈಯ ತುಕ್ಕು ಉಜ್ಜಿ, ಬಣ್ಣ ಬಳಿದು, ಒಣಗಿದ ಮೇಲೆ ರಬ್ಬರು ಕೂರಿಸಬೇಕು. ಅದು ಕೂರದಿದ್ದರೆ ಸೋಪಿನ ನೀರು ಹಚ್ಚಬಹುದು, ಗ್ರೀಸು ಮಾತ್ರ ಬೇಡ. ಕೊಳವೆಯನ್ನೂ ದೊಡ್ಡ ವಾಷರುಗಳನ್ನೂ ಮರೆಯಬಾರದು.

ಇನ್ನೊಂದು ಪಕ್ಕವನ್ನೂ ಹೀಗೆಯೇ ಮುಗಿಸಿ, ಕ್ಯಾಬಿನ್ನು ಎಲ್ಲ ರಬ್ಬರುಗಳ ಮೇಲೂ ಕೂತ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಬಿಗಿತದ ಅಳತೆ ವಾಹನದ ಪುಸ್ತಕದಲ್ಲಿರುವಂತಿರಲಿ. ಕ್ಯಾಬಿನ್ನಿನಿಂದ ಚಾಸಿಗೆ ಬರುವ ಅರ್ತ್ ತಂತಿ ಬಿಚ್ಚಿದ್ದರೆ ಮತ್ತೆ ಸೇರಿಸಬೇಕು. ಖಾಲಿ ಗಾಡಿಯಲ್ಲಿ ಸ್ಟೀರಿಂಗ್ ಮತ್ತು ಬ್ರೇಕ್ ಪರೀಕ್ಷಿಸಿ ಅನಂತರವೇ ಲೋಡು ಹಾಕಬೇಕು. ಎರಡು ಮೂರು ಲೋಡು ಓಡಿದ ಬಳಿಕ ಬೋಲ್ಟುಗಳಿಗೆ ಇನ್ನೊಮ್ಮೆ ಪಾನ ಹಾಕಿ ನೋಡಬೇಕು.

ತೆಗೆದ ರಬ್ಬರುಗಳನ್ನು ಗುಜರಿಗೆ ಎಸೆಯುವ ಮೊದಲು ಸಾಲಾಗಿ ಇಟ್ಟು ನೋಡುವುದು ಒಳ್ಳೆಯದು. ಎಲ್ಲವೂ ಒಣಗಿ ಸೀಳಿದ್ದರೆ ಅದು ವಯಸ್ಸಿನ ಸವೆತ. ಒಂದು ಮಾತ್ರ ಊದಿ ಅಂಟಾಗಿದ್ದರೆ ಅದರ ಮೇಲುಗಡೆ ಎಲ್ಲಿಂದಲೋ ಆಯಿಲ್ ಅಥವಾ ಡೀಸೆಲ್ ತೊಟ್ಟಿಕ್ಕುತ್ತಿದೆ. ಆ ಸೋರಿಕೆಯನ್ನು ಹುಡುಕಿ ನಿಲ್ಲಿಸದಿದ್ದರೆ ಹೊಸ ರಬ್ಬರಿಗೂ ಅದೇ ಗತಿ. ಕೊಳವೆ ಒಂದು ಮಗ್ಗುಲಿಗೆ ಉಜ್ಜಿ ಹೊಳೆಯುತ್ತಿದ್ದರೆ ಆ ಮೂಲೆಯ ಬೋಲ್ಟು ಬಹಳ ದಿನ ಸಡಿಲವಾಗಿತ್ತೆಂದು ಅರ್ಥ. ಅಲ್ಲಿನ ತಗಡಿನಲ್ಲಿ ಸೀಳಿದೆಯೇ ಎಂದು ಟಾರ್ಚು ಹಾಕಿ ನೋಡಬೇಕು.