ತಿದ್ದಿಕೊಳ್ಳುವ ನಾಯಕ ನಮಗೇಕೆ ಇಷ್ಟ?

(ಮೆಜೆಸ್ಟಿಕ್‌ನ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಾವಿಂದು ಸೇರಿರುವ ಮೆಜೆಸ್ಟಿಕ್ ಒಂದು ಕಾಲಕ್ಕೆ ಹೆಜ್ಜೆಗೊಂದು ಚಿತ್ರಮಂದಿರವಿದ್ದ ಜಾಗ. 1972ರಲ್ಲಿ ಕನ್ನಡ ಪ್ರೇಕ್ಷಕರು ಇಬ್ಬರು ನಾಯಕರನ್ನು ಮನಸಾರೆ ಒಪ್ಪಿಕೊಂಡರು. ಒಬ್ಬ, ಇಲ್ಲಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ದಾಖಲೆ ಬರೆದ ‘ಬಂಗಾರದ ಮನುಷ್ಯ’ದ ರಾಜೀವ. ಇನ್ನೊಬ್ಬ, ‘ನಾಗರಹಾವು’ ಚಿತ್ರದ ರಾಮಾಚಾರಿ. ರಾಜೀವನಲ್ಲಿ ದೋಷ ಹುಡುಕಿದರೂ ಸಿಗದು. ರಾಮಾಚಾರಿಯಾದರೋ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನು, ಮುಂಗೋಪಿ, ಹಟಮಾರಿ.

ರಾಜೀವನಿಗೆ ನಾವು ಕೈ ಮುಗಿಯುತ್ತೇವೆ. ರಾಮಾಚಾರಿಗಾಗಿ ಚಿಂತಿಸುತ್ತೇವೆ. ‘ಇವನು ಸರಿಹೋಗುತ್ತಾನೆಯೇ?’ ಎಂಬ ಪ್ರಶ್ನೆ ಕೊನೆಯವರೆಗೂ ನಮ್ಮನ್ನು ಕುರ್ಚಿಯಲ್ಲಿ ಕೂರಿಸುತ್ತದೆ. ಅವನು ಸರಿಹೋಗಲಿಲ್ಲ. ಚಾಮಯ್ಯ ಮೇಷ್ಟ್ರಿಗೆ ಅವನ ಮೇಲೆ ಅಪಾರ ಪ್ರೀತಿ. ಆದರೆ ಅವನ ಬದುಕಿನ ನಿರ್ಧಾರವನ್ನು ಅವರೇ ಮಾಡಿದರು. ಅವರ ಮಾತಿಗೆ ತಲೆಬಾಗಿ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ. ಹೇಳಿದ್ದನ್ನು ಕೇಳುವುದು ಬೇರೆ, ತನ್ನನ್ನು ತಾನೇ ತಿದ್ದಿಕೊಳ್ಳುವುದು ಬೇರೆ. ಆ ಕಥೆಯ ದುರಂತ ಇರುವುದೇ ಅಲ್ಲಿ.

ಹಾಗಾದರೆ ನಿಧಾನವಾಗಿ ತಿದ್ದಿಕೊಳ್ಳುವ ನಾಯಕ ನಮ್ಮಲ್ಲಿ ಇಲ್ಲವೇ? ಇದ್ದಾನೆ. ಅವನನ್ನು ಕಾಣಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇರುವ ರಸ್ತೆಗೆ ಪಂಪ ಮಹಾಕವಿಯ ಹೆಸರಿದೆಯಲ್ಲ, ಆ ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಅವನು ಸಿಗುತ್ತಾನೆ. ಅದು ಮೊದಲ ತೀರ್ಥಂಕರನ ಕಥೆ. ಆದರೆ ಪಂಪ ಕಥೆಯನ್ನು ತೀರ್ಥಂಕರನಿಂದ ಆರಂಭಿಸುವುದಿಲ್ಲ, ಅವನ ಹಿಂದಿನ ಜನ್ಮಗಳಿಂದ ಆರಂಭಿಸುತ್ತಾನೆ.

ಮೊದಲು ಜಯವರ್ಮ. ರಾಜ್ಯ ತಮ್ಮನ ಪಾಲಾಯಿತೆಂದು ನೊಂದು ತಪಸ್ಸಿಗೆ ಹೋದವನು. ಅಲ್ಲಿಯೂ ಒಬ್ಬ ವಿದ್ಯಾಧರನ ವೈಭವ ಕಂಡು ಆಸೆಪಟ್ಟ. ಆ ಆಸೆಯೇ ಅವನನ್ನು ಮಹಾಬಲನೆಂಬ ವಿದ್ಯಾಧರ ರಾಜನಾಗಿ ಹುಟ್ಟಿಸಿತು. ಮಂತ್ರಿ ಸ್ವಯಂಬುದ್ಧನ ಮಾತಿನಿಂದ ಮಹಾಬಲ ಕೊನೆಗಾಲದಲ್ಲಿ ಎಚ್ಚೆತ್ತ. ಮುಂದೆ ದೇವಲೋಕದಲ್ಲಿ ಲಲಿತಾಂಗನಾದ. ಆದರೂ ಕೊರಳ ಮಾಲೆ ಬಾಡಿ ಸಾವು ಹತ್ತಿರವಾದಾಗ ಸಾಮಾನ್ಯರಂತೆ ಕಂಗೆಟ್ಟ. ಮರುಜನ್ಮದಲ್ಲಿ ವಜ್ರಜಂಘನಾಗಿ, ಶಯ್ಯಾಗೃಹದ ಧೂಪದ ಹೊಗೆಯಲ್ಲೇ ಮಡದಿಯೊಡನೆ ಉಸಿರುಗಟ್ಟಿ ಸತ್ತ.

ನೋಡಿ, ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಹಳೆಯ ಆಸೆ ಅವನ ಕಾಲು ಹಿಡಿದು ಎಳೆಯುತ್ತದೆ. ಕೊನೆಯ ಜನ್ಮದಲ್ಲಿ ಆತ ಆದಿನಾಥ. ನೀಲಾಂಜನೆ ನರ್ತಿಸುತ್ತಲೇ ಕಣ್ಮರೆಯಾದಾಗ ಇಂದ್ರ ಅವಳಂಥದೇ ರೂಪವನ್ನು ತಕ್ಷಣ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯಲಿಲ್ಲ, ಆದಿನಾಥನಿಗೆ ತಿಳಿಯಿತು. ಒಂದು ಕ್ಷಣದ ಆ ಅರಿವಿಗೆ ಅವನು ಅನೇಕ ಜನ್ಮ ಸವೆಸಬೇಕಾಯಿತು.

ಅದೇ ಕಾವ್ಯದ ಬಾಹುಬಲಿಯೂ ಹಾಗೆಯೇ. ಗೆದ್ದ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಂತ. ಆದರೂ ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಅಳುಕು ಉಳಿದಿತ್ತು. ಅದು ಹೋಗುವವರೆಗೆ ಕೇವಲಜ್ಞಾನ ಬರಲಿಲ್ಲ.

ಒಂದೇ ರಾತ್ರಿಯಲ್ಲಿ ಬದಲಾದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ಬೆರಗು ಹುಟ್ಟಿಸುತ್ತವೆ. ನಿಧಾನವಾಗಿ ಬದಲಾಗುವವನ ಕಥೆ ಧೈರ್ಯ ಕೊಡುತ್ತದೆ. ನಿನ್ನೆ ಎಡವಿದವನು ಇಂದೂ ನಡೆಯಬಹುದು ಎನ್ನುತ್ತದೆ.

ಇದೇ ಮೆಜೆಸ್ಟಿಕ್ಕಿನಲ್ಲಿ 1995ರ ‘ಓಂ’ ಚಿತ್ರವನ್ನು ಜನ ಮತ್ತೆ ಮತ್ತೆ ನೋಡಿದರು. ಮಚ್ಚಿನ ಅಬ್ಬರಕ್ಕೆ ಬಂದವರೂ ಇದ್ದಿರಬಹುದು. ಆದರೆ ಅದು ರೌಡಿಯಾದ ಅರ್ಚಕನ ಮಗನೊಬ್ಬ ಸಾಮಾನ್ಯ ಬದುಕಿಗೆ ಮರಳಲು ಹೆಣಗುವ ಕಥೆಯೂ ಹೌದು. ಬಿಟ್ಟು ಬರುತ್ತೇನೆಂದರೂ ಹಳೆಯ ಹೆಸರು ಬಿಡುವುದಿಲ್ಲ.

ತೆರೆಯ ಮೇಲಿನ ಸತ್ಯನಿಗಾಗಿ ಮರುಗುವ ನಾವು, ಬೀದಿಯಲ್ಲಿ ಒಮ್ಮೆ ತಪ್ಪಿದ ಹುಡುಗನನ್ನು ಜೀವನಪೂರ್ತಿ ಅದೇ ಹೆಸರಿನಿಂದ ಕರೆಯುತ್ತೇವೆ. ಪಂಪ ತನ್ನ ನಾಯಕನಿಗೆ ಹತ್ತು ಜನ್ಮ ಕೊಟ್ಟ. ನಾವು ನಮ್ಮ ಸುತ್ತಲಿನವರಿಗೆ ಹತ್ತು ವರ್ಷವನ್ನಾದರೂ ಕೊಡಬಾರದೇ?