‘ನಿಮ್ಮ ಸ್ವಂತ ಊರು ಯಾವುದು?’

ದಿನಾ ಕ್ಯಾಮೆರಾ ನೋಡಿಕೊಂಡು ಮಾತಾಡೋನು ನಾನು. ಇವತ್ತು ಶಂಕರಘಟ್ಟದಲ್ಲಿ ನಿಮ್ಮ ಮುಖ ನೋಡಿಕೊಂಡು ಮಾತಾಡ್ತಿದ್ದೇನೆ. ವಿಷಯವೂ ಈ ಕಡೆಯದ್ದೇ ಇರಲಿ.

ವಲಸೆ ಬಂದವರ ಮಕ್ಕಳು ಅಂದ ತಕ್ಷಣ ನಮಗೆ ಅಮೆರಿಕ, ಕೆನಡಾ ನೆನಪಾಗುತ್ತೆ. ಅಷ್ಟು ದೂರ ಯಾಕೆ ಸ್ವಾಮಿ? ಇಲ್ಲಿಂದ ಬಸ್ ಹತ್ತಿದರೆ ಭದ್ರಾವತಿ. ಹಿಂದೆ ಬೆಂಕಿಪುರ ಅಂತಿದ್ದ ಊರು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಆಮೇಲೆ ಕಾಗದ ಕಾರ್ಖಾನೆ ಬಂತು. ಸ್ವಾತಂತ್ರ್ಯದ ನಂತರ ಪಕ್ಕದ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. ಕುಲುಮೆ ಮುಂದೆ ಬೇಯೋಕೆ, ಕಲ್ಲು ಹೊರೋಕೆ, ಕಾಲುವೆ ತೋಡೋಕೆ ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಬಹಳ ಜನ ವಾಪಸ್ ಹೋಗಲಿಲ್ಲ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ನಿಮ್ಮ ಪಕ್ಕದ ಬೆಂಚಿನಲ್ಲಿದ್ದಾರೆ.

ಅಂಥ ಒಬ್ಬ ಹುಡುಗಿ ನನಗೆ ಹೇಳಿದ ಮಾತು ಕೇಳಿ. ಇಲ್ಲಿ ಯಾರೇ ಪರಿಚಯ ಆದರೂ, ‘ಅದ್ಸರಿ, ನಿಮ್ಮ ಸ್ವಂತ ಊರು ಯಾವುದು?’ ಅಂತಾರೆ. ‘ಭದ್ರಾವತಿ’ ಅಂದರೆ, ‘ಅಲ್ಲಮ್ಮ, ಅದಕ್ಕೂ ಮೊದಲು?’ ಸರಿ ಅಂತ ಸೇಲಂ ಹತ್ತಿರದ ನೆಂಟರ ಮದುವೆಗೆ ಹೋದರೆ, ಅಲ್ಲಿಯವರು ಅವಳ ತಮಿಳು ಕೇಳಿ ನಗ್ತಾರೆ. ಅರ್ಧ ಕನ್ನಡ ಕಲಸಿದ ತಮಿಳು ಅದು. ಅಲ್ಲಿ ಅವಳು ‘ಕನ್ನಡದ ಹುಡುಗಿ’, ಇಲ್ಲಿ ‘ತಮಿಳ್ರ ಹುಡುಗಿ’. ಅವಳು ಹುಟ್ಟಿದ್ದು ಭದ್ರಾವತಿಯಲ್ಲಿ, ಅವರಮ್ಮ ಹುಟ್ಟಿದ್ದೂ ಭದ್ರಾವತಿಯಲ್ಲಿ!

ಕಾವೇರಿ ಗಲಾಟೆ ಎದ್ದಾಗ ಏನಾಗುತ್ತೆ ಗೊತ್ತೇನ್ರೀ? ಬಸ್ಸಲ್ಲಿ ಪಕ್ಕ ಕೂತ ಅಜ್ಜಿಗೆ, ‘ಸ್ವಲ್ಪ ಮೆಲ್ಲಗೆ ಮಾತಾಡಜ್ಜಿ’ ಅನ್ನೋದು ಈ ಮಕ್ಕಳು. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿತ್ತು. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಬಸ್ಸು, ಲಾರಿಗಳು ಸುಟ್ಟವು. ಅತ್ತ ಕನ್ನಡಿಗರ ಮೇಲೂ ಹಲ್ಲೆ ಆಯಿತು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಮಗುವಿಗೆ ಮನೆಯಲ್ಲಿ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ದನಿ ತಾನಾಗೇ ತಗ್ಗುತ್ತೆ.

ಇನ್ನೊಂದು ಕೆಲಸ ಇದೆ, ಸಂಬಳ ಇಲ್ಲದ್ದು. ಅಜ್ಜಿಗೆ ಕನ್ನಡ ಓದೋಕೆ ಬರಲ್ಲ. ರೇಷನ್ ಕಾರ್ಡ್, ಆಸ್ಪತ್ರೆ ಚೀಟಿ, ಬ್ಯಾಂಕ್ ನೋಟಿಸು ಎಲ್ಲ ಮೊಮ್ಮಗಳ ತಲೆ ಮೇಲೆ. ಡಾಕ್ಟರ್ ಹೇಳಿದ ಕೆಟ್ಟ ಸುದ್ದಿಯನ್ನು ಹದಿಮೂರು ವರ್ಷದ ಹುಡುಗಿ ಮನೆಭಾಷೆಗೆ ತಿರುಗಿಸಿ ಅಜ್ಜಿಗೆ ಹೇಳಬೇಕು. ಹೇಗೆ ಹೇಳ್ತಾಳೆ ಯೋಚನೆ ಮಾಡಿ.

ಹಾಗಾದರೆ ತಾತನಿಗೆ ಈ ಸಂಕಟ ಇರಲಿಲ್ವಾ? ಇತ್ತು, ಆದರೆ ಅವರಿಗೆ ಕಾರ್ಖಾನೆ ಇತ್ತು. ಪಾಳಿಯ ಸೈರನ್ ಎಲ್ಲರಿಗೂ ಒಂದೇ. ಕ್ವಾರ್ಟರ್ಸ್ ಪಕ್ಕಪಕ್ಕ, ಯೂನಿಯನ್ ಒಂದು, ಮಕ್ಕಳ ಶಾಲೆ ಒಂದು. ಯಾವ ಊರು ಅಂತ ಕೇಳಿದರೆ, ‘ಐರನ್ ವರ್ಕ್ಸ್‌ನೋನು’ ಅಂದರೆ ಮುಗೀತು. ಈಗ ಏನಾಗಿದೆ? ಎಂಪಿಎಂ ಯಂತ್ರಗಳು ನಿಂತು ವರ್ಷಗಳೇ ಆದವು. 2023ರ ಶುರುವಿನಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಬಂದಾಗ ಕಾರ್ಮಿಕರು ಬೀದಿಗಿಳಿದರು. ಸಂಬಳ ಹೋಗೋದನ್ನ ನಾವು ಲೆಕ್ಕ ಹಾಕಿದೆವು. ಆ ಗುರುತು ಹೋಗೋದನ್ನ ಯಾರೂ ಲೆಕ್ಕ ಹಾಕಲಿಲ್ಲ. ಮೊಮ್ಮಗ ಕೆಲಸ ಹುಡುಕಿ ಬೆಂಗಳೂರಿಗೆ ಹೋಗ್ತಾನೆ, ಅಲ್ಲಿ ಮತ್ತೆ ಅದೇ ಪ್ರಶ್ನೆ.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಮತ್ತು ಸಂಗಡಿಗರು 13 ದೇಶಗಳಲ್ಲಿ ವಲಸೆ ಕುಟುಂಬಗಳ ಐದು ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಮಾತಾಡಿಸಿ 2006ರಲ್ಲಿ ಪುಸ್ತಕ ತಂದರು. ಮನೆಯ ಸಂಸ್ಕೃತಿಯನ್ನೂ ಬಂದ ನಾಡಿನದನ್ನೂ ಎರಡನ್ನೂ ಹಿಡಿದುಕೊಂಡ ಮಕ್ಕಳೇ ಹೆಚ್ಚು ನೆಮ್ಮದಿಯಾಗಿದ್ದರು. ಎರಡರ ನಡುವೆ ಎಲ್ಲೂ ನೆಲೆ ಸಿಗದವರಿಗೆ ಕಷ್ಟ ಜಾಸ್ತಿ. ತಾರತಮ್ಯ ಮಾಡ್ತಾರೆ ಅನ್ನಿಸಿದ ಮಕ್ಕಳ ಮನಸ್ಸೂ ಕುಗ್ಗಿತ್ತು. ಅಂದರೆ ಎರಡು ಭಾಷೆ ಇರೋದು ಕಾಯಿಲೆ ಅಲ್ಲ. ಒಂದನ್ನ ಬಿಡು ಅನ್ನೋ ಒತ್ತಾಯ ಇದೆಯಲ್ಲ, ತೊಂದರೆ ಅದರದ್ದು.

ನ್ಯೂಜೆರ್ಸಿಯ ಕನ್ನಡ ಮಗು ಶನಿವಾರ ಕೂತು ಅ, ಆ, ಇ, ಈ ಬರೆದರೆ ನಾವು ಹೆಮ್ಮೆ ಪಡ್ತೀವಿ. ‘ಅಕ್ಕ’ ಸಮ್ಮೇಳನದ ವೇದಿಕೆ ಮೇಲೆ ಚಪ್ಪಾಳೆ ಹೊಡೀತೀವಿ. ಭದ್ರಾವತಿಯ ಮಗು ಶಾಲೆಯಲ್ಲಿ ಕನ್ನಡ ಬರೆದು, ಮನೆಯಲ್ಲಿ ತಮಿಳು ಮಾತಾಡಿದರೆ ಮುಖ ಸಿಂಡರಿಸೋದು ಯಾವ ನ್ಯಾಯ? ನಾನು ಕನ್ನಡದಲ್ಲೇ ಅನ್ನ ತಿನ್ನೋನು. ಕನ್ನಡ ಎಲ್ಲರೂ ಕಲೀಲೇಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಈ ಮಕ್ಕಳು ಕಲಿತಿದ್ದಾರೆ, ನಿಮಗಿಂತ ಚೆನ್ನಾಗಿ ಬರೆಯೋರೂ ಇದ್ದಾರೆ.

ಮೇಷ್ಟ್ರುಗಳಿಗೆ ಒಂದು ಮಾತು. ಹಾಜರಿ ಕರೆಯುವಾಗ ಹೆಸರು ಕೇಳಿ, ಜಾತಕ ಕೇಳಬೇಡಿ. ಮಂಕಾಗಿ ಕೂತ ಹುಡುಗನಿಗೆ 14416 ನಂಬರ್ ಕೊಡಿ. ಟೆಲಿ ಮಾನಸ್, ಸರ್ಕಾರದ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತೆ. ಕನ್ನಡದಲ್ಲೂ ಮಾತಾಡಬಹುದು, ತಮಿಳಿನಲ್ಲೂ.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ. ಆ ಮೈಕು ಸ್ವಲ್ಪ ಹಿಂದಿನ ಸಾಲಿಗೆ ಕೊಡ್ರಪ್ಪ, ಆಗಿಂದ ಒಬ್ಬರು ಕೈ ಎತ್ತಿದ್ದಾರೆ.