ಮೂರು ಹತ್ತುಗಳ ಲೆಕ್ಕ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಮದ್ದಾಗಿ ಚಿರಪರಿಚಿತವಾದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ಮೈಲುತುತ್ತ, ಸುಣ್ಣದ ಮಿಶ್ರಣವೇ ಬೂಜು ರೋಗವನ್ನೂ ದೂರವಿಟ್ಟಿದ್ದನ್ನು ಗಮನಿಸಿದ ವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಕಳ್ಳರ ಭಯದಿಂದ ವಿಜ್ಞಾನಕ್ಕಾದ ಲಾಭವಿದು! ಆದರೆ ಈ ದ್ರಾವಣವನ್ನು ವಸಂತ ಬಂತೆಂದು ಕ್ಯಾಲೆಂಡರ್ ನೋಡಿ ಸಿಂಪಡಿಸುವುದಕ್ಕಿಂತ ಬಳ್ಳಿಯನ್ನೂ ಆಕಾಶವನ್ನೂ ನೋಡಿ ಸಿಂಪಡಿಸುವುದೇ ಲೇಸು. ದ್ರಾಕ್ಷಿಯ ಬೂಜು ರೋಗದ ರೋಗಾಣು ಚಳಿಗಾಲವನ್ನು ಉದುರಿದ ಎಲೆಗಳಲ್ಲಿ ಕಳೆಯುತ್ತದೆ. ಚಿಗುರು 10 ಸೆಂಟಿಮೀಟರ್ ಬೆಳೆದು, ಒಂದೆರಡು ದಿನಗಳಲ್ಲಿ 10 ಮಿಲಿಮೀಟರ್ ಮಳೆ ಬಿದ್ದು, ಉಷ್ಣತೆ 10 ಡಿಗ್ರಿ ದಾಟಿದರೆ ಮೊದಲ ಸೋಂಕಿಗೆ ಹದ ಎಂಬುದು ಯುರೋಪಿನ ಬೆಳೆಗಾರರ ಹಳೆಯ ಲೆಕ್ಕ.

ಕಾಯುತ್ತ ಕುಳಿತರೆ ಬೆಳೆಯೇ ಹೋದೀತು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ತಾಮ್ರ ರೋಗವನ್ನು ತಡೆಯುತ್ತದೆ, ಒಳಹೊಕ್ಕ ರೋಗವನ್ನು ಗುಣಪಡಿಸದು. ಆದ್ದರಿಂದಲೇ ಮುನ್ಸೂಚನೆ ನೋಡಿ ಮಳೆಗೆ ಮೊದಲೇ ಸಿಂಪಡಿಸಬೇಕು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಆತುರದಲ್ಲಿ ಹೊಡೆದ ಮದ್ದು ಆಮೇಲೆ ಬಿಚ್ಚುವ ಎಲೆಯನ್ನು ಕಾಪಾಡುವುದಿಲ್ಲ, ಮಣ್ಣಿಗಿಳಿದು ಅಲ್ಲೇ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋಗ್ರಾಂ ತಾಮ್ರದ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಹೆಚ್ಚುವರಿ ಚಿಗುರು ಚಿವುಟಿ ಗಾಳಿಯಾಡಲು ಬಿಟ್ಟರೆ ಎಲೆಯ ಮೇಲಿನ ತೇವ ಬೇಗ ಆರುತ್ತದೆ. ಆ ಕೆಲಸಕ್ಕೆ ಯಾವ ಮಿತಿಯ ಹಂಗೂ ಇಲ್ಲ.